ಕಾಫಿ ಕಚೇರಿಗೆ ನಾಲ್ಕು ಡಿಸ್ಕ್‌ಗಳು

ಕಳೆದ ಮಳೆಗಾಲದಲ್ಲಿ ಚಿಕ್ಕಮಗಳೂರಿನ ನಮ್ಮ ಕಾಫಿ ಕ್ಯೂರಿಂಗ್ ಕಚೇರಿಯ ಫೈಲ್ ಸರ್ವರ್‌ನಲ್ಲಿದ್ದ ಒಂದೇ ಒಂದು ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿ, ಮೂರನೆಯ ದಿನ ಪೂರ್ತಿ ನಿಂತುಹೋಯಿತು. ಹೊಸ ವ್ಯವಸ್ಥೆಯನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂತು.

ಹಲವು ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿ ಜೋಡಿಸುವ ವಿಧಾನಕ್ಕೆ ರೇಡ್ ಎನ್ನುತ್ತಾರೆ. ಅದರಲ್ಲಿ ಅಂಗಡಿಯವರು ಸೂಚಿಸಿದ್ದು ರೇಡ್ 5. 4 ಟೆರಾಬೈಟ್‌ನ ನಾಲ್ಕು ಡಿಸ್ಕ್ ಹಾಕಿದರೆ, ಒಂದರಷ್ಟು ಜಾಗ ರಕ್ಷಣೆಗೆ ಹೋಗಿ 12 ಟೆರಾಬೈಟ್ ಜಾಗ ಸಿಗುತ್ತದೆ. ಒಂದು ಕೆಟ್ಟರೆ ಅದರಲ್ಲಿದ್ದುದನ್ನು ಉಳಿದ ಮೂರರಿಂದ ಲೆಕ್ಕಹಾಕಿ ಮರಳಿ ಪಡೆಯಬಹುದು. ಆದರೆ ಆ ಮರುಜೋಡಣೆಗೆ ಮೂರನ್ನೂ ಆದಿಯಿಂದ ಅಂತ್ಯದವರೆಗೆ ಓದಬೇಕಾಗುವುದರಿಂದ, ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಡಿಸ್ಕ್‌ಗಳಲ್ಲಿ ಇನ್ನೊಂದು ಅದೇ ಹೊತ್ತಿಗೆ ಕೈಕೊಟ್ಟರೆ ಎಲ್ಲವೂ ಹೋದಂತೆ. ರೇಡ್ 6ರಲ್ಲಿ ಜಾಗ 8 ಟೆರಾಬೈಟ್‌ಗೆ ಇಳಿದರೂ ಯಾವ ಎರಡು ಹೋದರೂ ಮಾಹಿತಿ ಉಳಿಯುತ್ತದೆ. ಜೋಡಿಯ ಎರಡೂ ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿ ಇಡುವ ರೇಡ್ 10ರಲ್ಲಿ ಜಾಗ ಅಷ್ಟೇ, ಬರೆಯುವ ವೇಗ ಹೆಚ್ಚು. ಒಂದೇ ಜೋಡಿಯ ಎರಡೂ ಹೋದರೆ ಮಾತ್ರ ಮುಗಿಯಿತು. ಬಿಲ್ಲು, ಸ್ಯಾಂಪಲ್ ವರದಿಗಳಿಗೆ ಅಂಥ ವೇಗವೇಕೆ?

ಕೊನೆಗೆ ಆರಿಸಿದ್ದು ಎರಡು ಡಿಸ್ಕ್‌ಗಳ ನಷ್ಟವನ್ನು ತಾಳಬಲ್ಲ, ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ರೇಡ್-ಝಡ್2. ಮಾಹಿತಿಯ ಪ್ರತಿ ಬ್ಲಾಕಿಗೂ ಚೆಕ್‌ಸಮ್, ಅಂದರೆ ತಾಳೆ ನೋಡುವ ಸಂಖ್ಯೆ, ಇಡುವುದರಿಂದ, ಸದ್ದಿಲ್ಲದೆ ಕೆಟ್ಟ ಮಾಹಿತಿಯನ್ನೂ ಅದು ಓದುವಾಗಲೇ ಪತ್ತೆಹಚ್ಚಿ ಸರಿಪಡಿಸುತ್ತದೆ. ಬರೆಯುವ ಪಟ್ಟಿಗಳು ಒಂದರ ಮೇಲೊಂದು ಹೊದ್ದಿರುವ ಎಸ್‌ಎಂಆರ್ ಬಗೆಯ ಡಿಸ್ಕ್‌ಗಳಲ್ಲಿ ಮರುಜೋಡಣೆ ವಿಪರೀತ ನಿಧಾನವಾಗಬಹುದಾದ್ದರಿಂದ ಪಟ್ಟಿಗಳು ಬಿಡಿಬಿಡಿಯಾಗಿರುವ ಸಿಎಂಆರ್ ಅನ್ನೇ ಕೇಳಿ ಪಡೆದೆ. ಆಷಾಢದ ಗಾಳಿಗೆ ಸಿಲ್ವರ್ ಮರಗಳು ತಂತಿಯ ಮೇಲೆ ಬೀಳುವ ಊರಾದ್ದರಿಂದ ಯುಪಿಎಸ್ ಕೂಡ ಬಂತು. ಯಾರೋ ಅಳಿಸಿದ ಫೈಲನ್ನು ಯಾವ ರೇಡ್ ಕೂಡ ಮರಳಿ ಕೊಡದು. ಹಾಗಾಗಿ ಪ್ರತಿ ಶನಿವಾರ ಒಂದು ಪ್ರತಿ ಹೊರಗಿನ ಡಿಸ್ಕ್‌ಗೆ ಹೋಗಿ, ನಮ್ಮ ಮನೆಯ ಬೀರುವಿನಲ್ಲಿ ಕೂರುತ್ತದೆ.