ಅತ್ತ ಜೌಗು, ಇತ್ತ ಹುದುಲು

ಕಷ್ಟ ಎರಡೂ ಕಡೆಯಿಂದ ಮುತ್ತಿಕೊಂಡಾಗ ‘ಅತ್ತ ದರಿ, ಇತ್ತ ಪುಲಿ’ ಎನ್ನುತ್ತೇವೆ. ಒಂದರಿಂದ ಪಾರಾಗಿ ಇನ್ನೂ ದೊಡ್ಡದಕ್ಕೆ ಸಿಕ್ಕಿಕೊಂಡರೆ ‘ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು’ ಎನ್ನುತ್ತೇವೆ. ನಾನೀಗ ಬದುಕುತ್ತಿರುವ ಫಿನ್ಲೆಂಡಿನಲ್ಲಿ ಈ ಎರಡೂ ಸಂದರ್ಭಗಳಿಗೆ ಮಾತುಗಳಿವೆ, ಆದರೆ ಎರಡೂ ಒದ್ದೆ ನೆಲದಿಂದ ಹುಟ್ಟಿದವು. ಮೊದಲನೆಯದಕ್ಕೆ ಇಲ್ಲಿಯವರು ‘ಸುವೊ ಸಿಯೆಲ್ಲ್ಯಾ, ವೆತೆಲ್ಯಾ ತ್ಯಾಲ್ಲ್ಯಾ’ ಎನ್ನುತ್ತಾರೆ. ಅಂದರೆ ಅತ್ತ ಹೋದರೆ ಜೌಗು, ಇತ್ತ ಬಂದರೆ ಹುದುಲು. ಎರಡನೆಯದಕ್ಕೆ ‘ಬಸಿಗಾಲುವೆಯಿಂದ ಎದ್ದು ಹೊಂಡಕ್ಕೆ ಬಿದ್ದಂತೆ’ ಎನ್ನುತ್ತಾರೆ.

ಹಾಗೆ ಅನ್ನುವುದಕ್ಕೆ ಇವರಿಗೆ ಕಾರಣವಿದೆ. ಈ ದೇಶದ ನೆಲದಲ್ಲಿ ಸುಮಾರು ಮೂರನೇ ಒಂದು ಭಾಗ ಮೂಲತಃ ಜೌಗು. ‘ಸುವೊ’ ಎಂಬುದು ಅದಕ್ಕೆಲ್ಲ ಒಟ್ಟು ಹೆಸರು. ಮರವಿಲ್ಲದ ಬಯಲು ಜೌಗು ‘ನೆವ’, ಪೈನ್ ಮರಗಳಿರುವುದು ‘ರ್‍ಯಾಮೆ’, ಸ್ಪ್ರೂಸ್ ಮರಗಳು ದಟ್ಟವಾಗಿರುವುದು ‘ಕೊರ್ಪಿ’. ಒಬ್ಬ ರಾಜಕಾರಣಿ ಅಧಿಕಾರ ಕಳೆದುಕೊಂಡು ವರ್ಷಗಟ್ಟಲೆ ಮೂಲೆಗುಂಪಾದರೆ ಅವನು ಕೊರ್ಪಿಯಲ್ಲಿ ಅಲೆಯುತ್ತಿದ್ದಾನೆ ಎಂದು ಪತ್ರಿಕೆಗಳೇ ಬರೆಯುತ್ತವೆ.

ಜೌಗಿನಲ್ಲಿ ನಡೆಯುವವರಿಗಾಗಿ ಇಲ್ಲಿ ಉದ್ದಕ್ಕೂ ಎರಡೆರಡು ಹಲಗೆ ಜೋಡಿಸಿ ದಾರಿ ಮಾಡಿರುತ್ತಾರೆ. ಹಲಗೆಯ ಪಕ್ಕದಲ್ಲೇ ಹಸಿರು, ಕೆಂಪು ಪಾಚಿ ಹಾಸಿಕೊಂಡಿರುತ್ತದೆ. ಅಂಗೈಯಿಂದ ಒತ್ತಿದರೆ ನೀರು ಉಕ್ಕುತ್ತದೆ; ಕೈ ತೆಗೆದರೆ ಪಾಚಿ ನಿಧಾನವಾಗಿ ಮೇಲೇಳುತ್ತದೆ. ಕಾಲಿಟ್ಟರೆ ಮೊಣಕಾಲಿನವರೆಗೆ ಇಳಿಯುತ್ತದೆ. ಎಳೆದು ತೆಗೆಯುವಾಗ ಬೂಟನ್ನು ಯಾರೋ ಕೆಳಗಿನಿಂದ ಹಿಡಿದುಕೊಂಡಂತೆ ಅನಿಸುತ್ತದೆ. ಅರೆಕೊಳೆತ ಪಾಚಿಯ ಈ ಪದರ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಒಂದು ಆಳು ಮುಳುಗುವಷ್ಟು ಆಳವಾಗಲು ಸಾವಿರಾರು ವರ್ಷ ಹಿಡಿದಿದೆ ಎಂದಾಯಿತು. ಇಂಥ ನೆಲದ ಜನ ಹಸಿವನ್ನೂ ಕಂಡಿದ್ದಾರೆ: 1866ರಿಂದ 1868ರವರೆಗಿನ ಬರಗಾಲದಲ್ಲಿ ಇಲ್ಲಿ ಸುಮಾರು ಶೇಕಡ 8ರಷ್ಟು ಜನ ಸತ್ತರು. ತಿನ್ನಲು ಕಾಳಿಲ್ಲದೆ ಪೈನ್ ಮರದ ಒಳತೊಗಟೆಯನ್ನು ಪುಡಿಮಾಡಿ ರೊಟ್ಟಿ ಸುಟ್ಟರು. ಗುದ್ದಲಿ ಹಿಡಿದು ಜೌಗು ಬಸಿದು ಹೊಲ ಮಾಡಿಕೊಂಡ ಜನ ಇವರು. ಜೌಗಿನ ಮಾತನ್ನು ಹಗುರವಾಗಿ ಆಡುವುದಿಲ್ಲ.

ನಮ್ಮ ಕಡೆ ಹಾಗಲ್ಲ. ನಾನು ಸಿಂಧನೂರು ತಾಲ್ಲೂಕಿನವನು. ನಮ್ಮ ಮಾತಿನಲ್ಲಿ ಕೆಸರು ಎಂದರೆ ಹೆಚ್ಚಾಗಿ ಮಾನಕ್ಕೆ ಸಂಬಂಧಿಸಿದ್ದು. ಚುನಾವಣೆ ಬಂದರೆ ಕೆಸರೆರಚಾಟ. ಮನೆಯ ಜಗಳ ಬೀದಿಗೆ ಬಂದರೆ ರಾಡಿ. ಬಾಯಿ ಸರಿಯಿಲ್ಲದವನ ತಂಟೆಗೆ ಹೋಗುವವನಿಗೆ ‘ಕೊಚ್ಚೆಗೆ ಕಲ್ಲು ಹಾಕಿದರೆ ಮುಖಕ್ಕೇ ಸಿಡಿಯುತ್ತದೆ’ ಎಂದು ಹಿರಿಯರು ಹೇಳುತ್ತಾರೆ. ಕೆಸರು ಒಳ್ಳೆಯದೂ ಹೌದು: ‘ಕೈ ಕೆಸರಾದರೆ ಬಾಯಿ ಮೊಸರು’. ಆದರೆ ಕಾಲು ಕಿತ್ತುಕೊಳ್ಳಲಾಗದ ಸ್ಥಿತಿಗೂ ಕೆಸರನ್ನೇ ನೆನೆದವರಿದ್ದಾರೆ. ಬಸವಣ್ಣನವರ ಒಂದು ವಚನದಲ್ಲಿ ಭಕ್ತ ಕೆಸರಿನಲ್ಲಿ ಬಿದ್ದ ಪಶುವಿನಂತೆ ದಿಕ್ಕುದಿಕ್ಕಿಗೆ ಬಾಯಿ ಬಿಡುತ್ತಾನೆ. ಕೊಂಬು ಹಿಡಿದು ಎತ್ತುವವನು ಬರುವವರೆಗೆ ಅದಕ್ಕೆ ಬೇರೆ ಗತಿಯಿಲ್ಲ. ಹುದುಲಿನಲ್ಲಿ ಹೂತ ಎಮ್ಮೆಯನ್ನು ಹಗ್ಗ ಹಾಕಿ ಎಳೆದವರಿಗೆ ಆ ವಚನವನ್ನು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಹೇಳುತ್ತಿರುವುದು ಒಂದು ಕಾರಣಕ್ಕೆ. ಫಿನ್ಲೆಂಡಿನ ಆ ಗಾದೆ ಈಗ ನಮ್ಮ ಹೊಲಕ್ಕೆ ಅಕ್ಷರಶಃ ಹೊಂದುತ್ತಿದೆ.

ನಮ್ಮದು ಮಳೆ ಕಡಿಮೆಯ ಸೀಮೆ. ಎರೆ ಭೂಮಿ, ಬಿಳಿಜೋಳ, ಹತ್ತಿ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಗೆ 200 ಕಿಲೋಮೀಟರಿಗೂ ಹೆಚ್ಚು ಹರಿಯುತ್ತದೆ. ಈ ನೀರು ಹೆಚ್ಚಿನ ಹೊಲಗಳಿಗೆ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಸಾಲುವಷ್ಟು ಸಿಗಲಿ, ಭತ್ತ ಮಿತಿಯಲ್ಲಿರಲಿ ಎಂಬುದು ಯೋಜನೆ ಮಾಡಿದವರ ಲೆಕ್ಕವಾಗಿತ್ತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪ್ ಎಂದು ಕರೆಯುವ ಹೊಸ ಊರುಗಳಲ್ಲಿ ನೆಲೆಸಿದ ರೈತರು ಭತ್ತ ಬೆಳೆದು ತೋರಿಸಿದರು. ನಮ್ಮವರೂ ಕಲಿತರು. ಭತ್ತ ನಮ್ಮ ಮನೆಗಳನ್ನು ಕಟ್ಟಿತು, ನಮ್ಮನ್ನು ಓದಿಸಿತು. ನಾನು ಇಷ್ಟು ದೂರ ಬಂದಿರುವುದೂ ಆ ಗದ್ದೆಯ ದುಡ್ಡಿನಿಂದಲೇ.

ಆದರೆ ಎರೆ ಮಣ್ಣು ಕುಡಿದ ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ವರ್ಷಕ್ಕೆ ಎರಡು ಬೆಳೆಗೆ ಗದ್ದೆಯಲ್ಲಿ ನೀರು ಕಟ್ಟಿ ನಿಲ್ಲಿಸಿದರೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ಬೇಸಿಗೆಯಲ್ಲಿ ಆ ನೀರು ಆವಿಯಾಗಿ ಹೋಗುವಾಗ ಕರಗಿದ್ದ ಲವಣವನ್ನು ನೆಲದ ಮೇಲೆ ಬಿಟ್ಟು ಹೋಗುತ್ತದೆ. ನಮ್ಮ ಹೊಲದ ತಗ್ಗಿನ ಮೂಲೆಯಲ್ಲಿ ಏಪ್ರಿಲ್ ತಿಂಗಳಿನಲ್ಲಿ ಬದುವಿನ ಉದ್ದಕ್ಕೂ ಬಿಳಿ ಉಪ್ಪಿನ ಹೊಪ್ಪಳಿಕೆ ಏಳುತ್ತದೆ. ಬೆರಳಿನಿಂದ ಕೆದಕಿದರೆ ಕೆಳಗೆ ಕಪ್ಪು ಜಿಡ್ಡು ಮಣ್ಣು, ಇನ್ನೂ ಹಸಿ. ಅಲ್ಲಿ ನಾಟಿ ಮಾಡಿದ ಸಸಿ ತುದಿಯಿಂದ ಹಳದಿಯಾಗಿ ಒಣಗುತ್ತಾ ಬರುತ್ತದೆ. ಇದನ್ನೇ ನಾವು ಸವಳು, ಜವಳು ಎನ್ನುವುದು.

ಅಣ್ಣ ಫೋನಿನಲ್ಲಿ ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ. “ಜೋಳ ಹಾಕೋಣವೆಂದರೆ ಮೇಲಿನ ಗದ್ದೆಯ ನೀರು ಬಸಿದು ಬಂದು ಬೇರು ಕೊಳೆಯುತ್ತದೆ. ಭತ್ತವನ್ನೇ ಹಾಕೋಣವೆಂದರೆ ಭೂಮಿ ಹೋಗುತ್ತದೆ.” ಅತ್ತ ಜೌಗು, ಇತ್ತ ಹುದುಲು. ಭೂಮಿ ಹೋದಂತೆ ಸಾಲ ಏರುತ್ತದೆ. ಇತ್ತ ಮೇಲ್ಭಾಗದಲ್ಲಿ ನೀರು ನಿಂತು ಹೊಲ ಸಾಯುತ್ತಿದ್ದರೆ ಅತ್ತ ಕಾಲುವೆಯ ಕೊನೆಯ ಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಅದೇ ನೀರಿಗಾಗಿ ರಸ್ತೆಯಲ್ಲಿ ಕೂರುತ್ತಾರೆ. ನನಗೆ ತೀರಾ ನೋವು ಕೊಡುವುದು ಇದು.

ಫಿನ್ಲೆಂಡಿನವರ ಜೌಗು ಹಿಮಯುಗ ಬಿಟ್ಟುಹೋದದ್ದು. ನಮ್ಮದು ಒಂದೇ ಜೀವಮಾನದಲ್ಲಿ ನಾವೇ ಮಾಡಿಕೊಂಡದ್ದು. ಆದ್ದರಿಂದಲೇ ‘ಹಣೆಬರಹ’ ಎಂದು ಯಾರಾದರೂ ಕೈಚೆಲ್ಲಿದರೆ ನಾನು ಒಪ್ಪುವುದಿಲ್ಲ. ಫಿನ್ಲೆಂಡಿನ ಹೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಅಡಿಯಲ್ಲಿ ತೂತು ಕೊಳವೆಗಳಿವೆ. ಸುಮಾರು ಒಂದು ಮೀಟರ್ ಆಳದಲ್ಲಿ ಹೂತ ಆ ಕೊಳವೆಗಳು ಹೆಚ್ಚುವರಿ ನೀರನ್ನು ಬಸಿಗಾಲುವೆಗೆ ಒಯ್ಯುತ್ತವೆ. ಕಾಲುವೆ ಹತ್ತು ಜನರ ಹೊಲಕ್ಕೆ ಉಪಯೋಗವಾಗುವುದಾದರೆ ಅವರೆಲ್ಲ ಸೇರಿ, ತಮತಮಗೆ ಆಗುವ ಲಾಭದ ಪ್ರಕಾರ ಖರ್ಚು ಹಂಚಿಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ಕಾಡಿನ ಜೌಗುಗಳನ್ನು ಮಾತ್ರ ಇವರು ಅತಿಯಾಗಿ ಬಸಿದರು. ಒಣಗಿದ ಪಾಚಿಮಣ್ಣು ಇಂಗಾಲವನ್ನು ಗಾಳಿಗೆ ಬಿಡುತ್ತಿರುವುದರಿಂದ ಈಗ ಕೆಲವೆಡೆ ಆ ಕಾಲುವೆಗಳನ್ನು ಮುಚ್ಚುತ್ತಿದ್ದಾರೆ.

ಈ ವಿದ್ಯೆ ನಮ್ಮಲ್ಲಿ ಇಲ್ಲದ್ದೇನಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು-ಜವಳು ಭೂಮಿಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ನೆಲದಡಿಯ ಕೊಳವೆ ಬಸಿಗಾಲುವೆ, ಕ್ಷಾರ ಹೆಚ್ಚಿದ ಮಣ್ಣಿಗೆ ಜಿಪ್ಸಂ, ಹಸಿರು ಗೊಬ್ಬರಕ್ಕೆ ಡಯಂಚ, ಎಲ್ಲವನ್ನೂ ಹೇಳಿಕೊಡುತ್ತಾರೆ. ಕಷ್ಟವಿರುವುದು ಒಬ್ಬನೇ ಮಾಡಿದರೆ ನಡೆಯದು ಎಂಬಲ್ಲಿ. ನನ್ನ ಹೊಲದ ನೀರು ಹಳ್ಳ ಸೇರಲು ನಿನ್ನ ಹೊಲ ದಾಟಬೇಕು. ಮೇಲಿನವನು ಬೇಸಿಗೆ ಭತ್ತ ಬಿಡದಿದ್ದರೆ ಕೆಳಗಿನವನ ಕೊಳವೆ ಎಷ್ಟು ನೀರು ಎಳೆದೀತು?

ಕಾಲುವೆಯ ಮೇಲೆ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ನೀರು ಬಿಡುವ ಹೊತ್ತಿಗೆ ಮಾತ್ರ ಸೇರುವ ಬದಲು ನೀರು ಬಸಿಯುವ ಕುರಿತೂ ಒಮ್ಮೆ ಕುಳಿತು ಮಾತಾಡಿ ಎಂದು ಅಣ್ಣನಿಗೆ ಹೇಳಿದ್ದೇನೆ. ಅವನು ಮೇಲಿನ ಹೊಲದವರನ್ನು ಕೇಳಿದ್ದಾನೆ. ಇಬ್ಬರು ಒಪ್ಪಿದ್ದಾರೆ, ಒಬ್ಬರು ಮುಂಗಾರಿನ ನಂತರ ನೋಡೋಣ ಎಂದಿದ್ದಾರೆ. ಕೊಳವೆಯ ಖರ್ಚಿನಲ್ಲಿ ನಮ್ಮ ಪಾಲಿನದನ್ನು ನಾನು ಇಲ್ಲಿಂದ ಕಳಿಸುತ್ತೇನೆ.