ಹಳೇ ಫಿಲ್ಲಿಂಗ್ ಪೂರ್ತಿ ತೆಗೀಬೇಕಾ, ರಿಪೇರಿ ಸಾಕಾ?

ವಿಜಯನಗರದ ನನ್ನ ಕ್ಲಿನಿಕ್‌ಗೆ ಬರುವವರು ಪದೇ ಪದೇ ಕೇಳೋದು ಇದನ್ನೇ: "ಡಾಕ್ಟ್ರೇ, ಫಿಲ್ಲಿಂಗ್ ಅಂಚು ಮುರಿದಿದೆ. ಎಲ್ಲಾ ತೆಗೆದು ಹೊಸದು ಹಾಕ್ತೀರಾ?" ಹಲ್ಲಿನ ಬಣ್ಣದ ಕಾಂಪೊಸಿಟ್ ಫಿಲ್ಲಿಂಗ್ ಆದರೆ ಹೆಚ್ಚಿನ ಸಲ ನಾನು ಬೇಡ ಅಂತೀನಿ. ಕೆಟ್ಟಷ್ಟು ಭಾಗ ಸರಿ ಮಾಡಿದರೆ ಸಾಕು.

ಪೂರ್ತಿ ಕೊರೆಯುವಾಗ ಫಿಲ್ಲಿಂಗ್ ಎಲ್ಲಿ ಮುಗಿಯಿತು, ಹಲ್ಲು ಎಲ್ಲಿ ಶುರುವಾಯಿತು ಅಂತ ಗುರುತಿಸೋದು ಕಷ್ಟ. ಎರಡರ ಬಣ್ಣವೂ ಒಂದೇ ಅಲ್ವಾ? ಒಳ್ಳೇ ಹಲ್ಲೂ ಒಂದಿಷ್ಟು ಹೋಗುತ್ತದೆ. ಹೀಗೆ ಬದಲಿಸುತ್ತಾ ಹೋದರೆ ಗುಂಡಿ ನರದ ಹತ್ತಿರಕ್ಕೆ ಬರುತ್ತದೆ. ಆಮೇಲೆ ರೂಟ್ ಕೆನಾಲ್, ಕ್ಯಾಪ್.

ಅಂಚಿನಲ್ಲಿ ಕಂದು ಗೆರೆ ಮಾತ್ರ ಇದ್ದರೆ ಸುಮ್ನೆ ಗಾಬರಿ ಬೇಡ. ಕಾಫಿ, ಎಲೆಅಡಿಕೆಯ ಕಲೆಯೆಲ್ಲ ಹುಳುಕಲ್ಲ. ಎಷ್ಟೋ ಸಲ ಪಾಲಿಶ್ ಸಾಕು.

ಆದರೆ ರಿಪೇರಿ ಅಂದರೆ ಮೇಲೊಂದಿಷ್ಟು ಮೆತ್ತೋದಲ್ಲ. ಹೊಸದಾಗಿ ತುಂಬುವಾಗ ಪ್ರತಿ ಪದರದ ಮೇಲ್ಮೈ ಗಾಳಿಯ ಆಮ್ಲಜನಕದಿಂದ ಸ್ವಲ್ಪ ಹಸಿಯಾಗೇ ಉಳಿಯುತ್ತದೆ, ಮುಂದಿನ ಪದರ ಅದಕ್ಕೆ ಅಂಟುತ್ತದೆ. ಹಳೇ ಫಿಲ್ಲಿಂಗ್‌ನಲ್ಲಿ ಆ ಹಸಿ ಇರಲ್ಲ. ಅದಕ್ಕೇ ಡೈಮಂಡ್ ಬರ್‌ (ವಜ್ರದ ಪುಡಿ ಕೂರಿಸಿದ ಕೊರೆಯುವ ಕಡ್ಡಿ) ನಿಂದಲೋ, ಅಲ್ಯೂಮಿನಾ ಪುಡಿ ಊದಿಯೋ ಮೇಲ್ಮೈ ತರಿತರಿ ಮಾಡುತ್ತೇವೆ. ಆಮೇಲೆ 37% ಫಾಸ್ಫರಿಕ್ ಆಸಿಡ್ ಜೆಲ್. ಅದು ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಮಾಡುತ್ತದೆ, ಹಳೇ ಕಾಂಪೊಸಿಟನ್ನು ಬರೀ ತೊಳೆಯುತ್ತದೆ. ನಂತರ ಸೈಲೇನ್ (ಹಳೇ ಫಿಲ್ಲಿಂಗ್‌ಗೆ ಹೊಸದು ಕಚ್ಚಿಕೊಳ್ಳಲು ಹಚ್ಚುವ ದ್ರವ), ಬಾಂಡ್ ಅನ್ನೋ ಅಂಟು, ಹೊಸ ಕಾಂಪೊಸಿಟ್, ಅದನ್ನು ಗಟ್ಟಿ ಮಾಡೋ ನೀಲಿ ಲೈಟ್. ಗಟ್ಟಿಯಾಗುವಾಗ ಕಾಂಪೊಸಿಟ್ ಕುಗ್ಗುತ್ತದೆ. ಆ ಎಳೆತಕ್ಕೆ ಅಂಚಿನಲ್ಲಿ ಸಂದು ಬೀಳಬಹುದು. ಅದಕ್ಕೆ, ಲೈಟ್ ಆಳದವರೆಗೂ ತಲುಪಲಿ ಅಂತಲೂ, ಸಾಮಾನ್ಯ ಕಾಂಪೊಸಿಟ್‌ನ ಒಂದೊಂದು ಪದರ 2 ಮಿಲಿಮೀಟರ್ ಮೀರಬಾರದು.

ಇಷ್ಟೆಲ್ಲ ಆಗುವಾಗ ಎಂಜಲು ತಾಗಿದರೆ ಮತ್ತೆ ಆಸಿಡ್‌ನಿಂದ ಶುರು. ಹಲ್ಲಷ್ಟೇ ಹೊರಗೆ ಕಾಣುವಂತೆ ಬಾಯಿಗೆ ತೆಳು ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಹಾಕೋದು ಅದಕ್ಕೇ. "ಬೇಗ ಮುಗಿಸಿ, ಮೆಟ್ರೋ ಹಿಡೀಬೇಕು" ಅನ್ನುವವರಿಗೆ ಅದನ್ನು ಕಂಡರಾಗದು. ನನಗೆ ಅದಿಲ್ಲದೆ ಕೈ ಓಡದು.

ಪಾಲಿಶ್ ಆದ ಮೇಲೆ ಅಂಚಿಗೆ ಇನ್ನೊಮ್ಮೆ ಆಸಿಡ್ ಹಚ್ಚಿ, ತೊಳೆದು, ಒಣಗಿಸಿ, ನೀರಿನಂತೆ ತೆಳುವಾದ ರೆಸಿನ್ (ಲೈಟ್‌ಗೆ ಗಟ್ಟಿಯಾಗೋ ಪ್ಲಾಸ್ಟಿಕ್ ದ್ರವ) ಬಿಟ್ಟು ಲೈಟ್ ಹಿಡಿಯುತ್ತೇನೆ. ಕೂದಲೆಳೆಯಷ್ಟು ಸಂದಿದ್ದರೂ ಒಳಗಿಳಿದು ಮುಚ್ಚಿಕೊಳ್ಳುತ್ತದೆ. ಅಗಿದಂತೆ ಇದೂ ಸವೆಯುತ್ತದೆ, ಚೆಕಪ್ ತಪ್ಪಿಸಬೇಡಿ.

ಅಡಿಯಲ್ಲಿ ಹುಳುಕು ಹರಡಿರುವುದು ಎಕ್ಸ್‌ರೇಯಲ್ಲಿ ಕಂಡರೆ, ಇಲ್ಲವೇ ಇಡೀ ಫಿಲ್ಲಿಂಗೇ ಸಡಿಲವಾಗಿದ್ದರೆ ಮಾತ್ರ ಬೇರೆ ದಾರಿಯಿಲ್ಲ. ಪೂರ್ತಿ ತೆಗೆಯಲೇಬೇಕು.

ಊಟ ಯಾವಾಗ ಮಾಡಬಹುದು ಅಂತೀರಾ? ಲೈಟ್ ಹಿಡಿದಾಗಲೇ ಗಟ್ಟಿಯಾಗಿರುತ್ತದೆ. ಇಂಜೆಕ್ಷನ್ ಕೊಟ್ಟಿದ್ದರೆ ಜೋಮು ಇಳಿಯುವವರೆಗೆ ಕಾಯಿರಿ, ಇಲ್ಲದಿದ್ದರೆ ತುಟಿ ಕಚ್ಚಿಕೊಳ್ಳುತ್ತೀರಿ.