ಸ್ಟೆಬಿಲೈಸರ್ ಆಫ್ ಮಾಡಿದ್ದು ಯಾರು?

ಜಲವಿದ್ಯುತ್ ಕೇಂದ್ರವೊಂದರಲ್ಲಿ ಜನರೇಟರುಗಳ ಎಕ್ಸೈಟೇಶನ್ ವ್ಯವಸ್ಥೆ, ಅಂದರೆ ರೋಟರನ್ನು ಅಯಸ್ಕಾಂತವಾಗಿಸುವ ವ್ಯವಸ್ಥೆ, ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಮಧ್ಯಾಹ್ನ ವಿದ್ಯುತ್ ಜಾಲವನ್ನು ನಿಯಂತ್ರಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ ಫೋನ್ ಬಂತು: "ನಿಮ್ಮಲ್ಲಿ ಪಿಎಸ್ಎಸ್‌ಗಳೆಲ್ಲ ಚಾಲೂ ಇವೆಯೇ?" "ಇವೆ" ಎಂದೆ. ಕುಳಿತಲ್ಲಿಂದಲೇ ಹೇಳಿದ ಮಾತದು. ಹೋಗಿ ನೋಡಿದರೆ ಒಂದು ಯೂನಿಟ್ಟಿನ ಪಿಎಸ್ಎಸ್, ಅಂದರೆ ವಿದ್ಯುತ್ತಿನ ಓಲಾಟ ತಣಿಸುವ ಪವರ್ ಸಿಸ್ಟಮ್ ಸ್ಟೆಬಿಲೈಸರ್, ಆಫ್ ಆಗಿತ್ತು. ಯಾವಾಗಿನಿಂದ ಎಂದು ಲಾಗ್‌ಬುಕ್ಕಿನಲ್ಲಿ ಒಂದು ಸಾಲೂ ಇರಲಿಲ್ಲ.

ನಮ್ಮ ಪರದೆಯ ಅಂಕಿಗಳು ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತವೆ. ಸೆಕೆಂಡಿಗೆ ಒಂದು ಸಲ ಓಲಾಡುವ ವಿದ್ಯುತ್ತು ಆ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಡಿಸ್ಪ್ಯಾಚ್ ಕೇಂದ್ರದವರ ಪಿಎಂಯು ಎಂಬ ಚುರುಕು ಮಾಪಕ ಸೆಕೆಂಡಿಗೆ 25 ಸಲ ಅಳೆಯುತ್ತದೆ. ಅದಕ್ಕೆ ಓಲಾಟವೆಲ್ಲ ಕಂಡಿತ್ತು, ಫೋನ್ ಬಂದದ್ದು ಅದರಿಂದಲೇ.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕೆವಿ ಮಾರ್ಗ ಸೇರಿಕೊಂಡ ಮೇಲೆ ದಕ್ಷಿಣದ ಜಾಲವೂ ದೇಶದ ಉಳಿದ ಜಾಲವೂ ಒಂದೇ ತಾಳಕ್ಕೆ ತಿರುಗುತ್ತಿವೆ. ಅದಕ್ಕೆ ಮೊದಲು ನಡುವೆ ಇದ್ದದ್ದು ಡಿಸಿ ಸಂಪರ್ಕ, ತಾಳ ಬೇರೆ ಬೇರೆ. ಈಗ ಒಂದು ಕಡೆಯ ಯಂತ್ರಗಳ ಗುಂಪು ಇನ್ನೊಂದು ಕಡೆಯ ಗುಂಪಿನೆದುರು ನಿಧಾನವಾಗಿ, ಎರಡು ಮೂರು ಸೆಕೆಂಡಿಗೊಮ್ಮೆ ಓಲಾಡಬಹುದು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿ ತಲೆಕೆಳಗು: ಮಾರ್ಗ ತುಂಬಿದಷ್ಟೂ ತುಳುಕಾಟ ಹೆಚ್ಚು. ವೋಲ್ಟೇಜನ್ನು ಚುರುಕಾಗಿ ಹಿಡಿದಿಡುವ ಸ್ವಯಂಚಾಲಿತ ನಿಯಂತ್ರಕ ಎವಿಆರ್ ಕೂಡ ಈ ಓಲಾಟಕ್ಕೆ ತುಪ್ಪ ಸುರಿಯಬಲ್ಲದು. ಅದರ ಪ್ರತಿಕ್ರಿಯೆ ಫೀಲ್ಡನ್ನು, ಅಂದರೆ ರೋಟರಿನ ಸುರುಳಿಯನ್ನು, ತಲುಪುವಷ್ಟರಲ್ಲಿ ತಡವಾಗಿರುತ್ತದೆ. ಆ ತಡವನ್ನು ಲೆಕ್ಕ ಹಾಕಿ, ಸರಿಯಾದ ಗಳಿಗೆಯಲ್ಲಿ ಎದುರು ತಳ್ಳುವುದೇ ಸ್ಟೆಬಿಲೈಸರಿನ ಕೆಲಸ.

ಹಾಗಾದರೆ ಆಫ್ ಮಾಡಿದ್ದು ಯಾರು? ಹಿರಿಯ ಆಪರೇಟರೊಬ್ಬರು ಸಂಕೋಚವಿಲ್ಲದೆ ಒಪ್ಪಿಕೊಂಡರು: "ಲೋಡ್ ಏರಿಸಿದಾಗಲೆಲ್ಲ ಎಂವಿಎಆರ್ ಧೊಪ್ಪೆಂದು ಬೀಳುತ್ತಿತ್ತು, ಅದಕ್ಕೇ ತೆಗೆದೆ." ಎಂವಿಎಆರ್ ಎಂದರೆ ವೋಲ್ಟೇಜಿಗೆ ಆಸರೆ ಕೊಡುವ ರಿಯಾಕ್ಟಿವ್ ಶಕ್ತಿಯ ಅಳತೆ. ನನಗೆ ಬಂದ ಸಿಟ್ಟು ಅರ್ಧ ಗಂಟೆಯಲ್ಲಿ ಇಳಿಯಿತು, ಏಕೆಂದರೆ ಅವರು ಕಂಡದ್ದು ನಿಜ. ನಮ್ಮದು ವಿದ್ಯುತ್ ಶಕ್ತಿಯನ್ನಷ್ಟೇ ನೋಡುವ ಹಳೆಯ ಮಾದರಿ. ಗೇಟ್ ತೆರೆದು ನೀರು ಹೆಚ್ಚಿಸಿದರೂ ಅದು ಓಲಾಟವೆಂದೇ ಬಗೆದು ವೋಲ್ಟೇಜನ್ನು ಕೆಳಗೆಳೆಯುತ್ತಿತ್ತು. ಉಷ್ಣ ಸ್ಥಾವರದಲ್ಲಿ ಲೋಡ್ ಮೆಲ್ಲಗೆ ಏರುವುದರಿಂದ ಇದು ಅಷ್ಟಾಗಿ ಕಾಡುವುದಿಲ್ಲ. ನೀರಿನ ಯಂತ್ರಕ್ಕೆ ಅಂಥ ತಾಳ್ಮೆಯಿಲ್ಲ. ಅವರು ಮೊದಲೇ ದೂರಿದ್ದರಂತೆ, ಕೇಳಿಸಿಕೊಂಡವರಿರಲಿಲ್ಲ. ಆ ಕೇಳಿಸಿಕೊಳ್ಳದವರಲ್ಲಿ ನಾನೂ ಒಬ್ಬ.

ವೇಗ ಮತ್ತು ಶಕ್ತಿ ಎರಡನ್ನೂ ನೋಡುವ ಮಾದರಿಗೆ ಬದಲಾಯಿಸಿದೆವು. ಪರೀಕ್ಷೆಗೆಂದು ಎವಿಆರ್‌ಗೆ ಶೇಕಡಾ 2ರ ಸಣ್ಣ ಧಕ್ಕೆ ಕೊಟ್ಟೆವು. ಸ್ಟೆಬಿಲೈಸರ್ ಇಲ್ಲದಾಗ ಶಕ್ತಿಯ ಗೆರೆ ಏಳೆಂಟು ಸಲ ಏರಿಳಿದು ಸುಮ್ಮನಾಯಿತು. ಹಾಕಿದ ಮೇಲೆ ಎರಡೇ ಸಲ. ಆಸೆಬುರುಕನಂತೆ ಗೇನ್, ಅಂದರೆ ಸ್ಟೆಬಿಲೈಸರ್ ತಳ್ಳುವ ಬಲ, ಏರಿಸುತ್ತ ಹೋದೆ. ಫೀಲ್ಡ್ ವೋಲ್ಟೇಜಿನ ಮುಳ್ಳು ಚಳಿಗೆ ಸಿಕ್ಕಂತೆ ನಡುಗತೊಡಗಿದಾಗ ನಿಲ್ಲಿಸಿ, ಅದರ ಮೂರನೇ ಒಂದು ಭಾಗಕ್ಕೆ ಇಳಿಸಿದೆ.

ಮರುದಿನ ಅದೇ ಆಪರೇಟರ್ ಲೋಡ್ ಏರಿಸಿದರು. ಒಂದು ಕೈ ಸ್ಟೆಬಿಲೈಸರ್ ಸ್ವಿಚ್ಚಿನ ಹತ್ತಿರವೇ ಇತ್ತು. ಎಂವಿಎಆರ್ ಮುಳ್ಳು ಕದಲಲಿಲ್ಲ. ಇನ್ನೊಮ್ಮೆ ಏರಿಸಿ ನೋಡಿದರು. ಆಮೇಲೆ ಲಾಗ್‌ಬುಕ್ ಎಳೆದುಕೊಂಡು "ಪಿಎಸ್ಎಸ್ ಚಾಲೂ" ಎಂದು ಬರೆದು, ಸಮಯ ಹಾಕಿ, ನನ್ನ ಸಹಿಗೆ ತಳ್ಳಿದರು.